ಬಾಗಿಲಿಗೆ ಬೆನ್ನು ಹಾಕಿ ಕೂತವಳು

ಸಾವನದುರ್ಗ ನೋಡಲೆಂದು ಒಬ್ಬಳೇ ಹೊರಟಿದ್ದೆ. ಮಾಗಡಿ ಬಸ್ಸಿನಲ್ಲಿ ಪಕ್ಕ ಕೂತಿದ್ದ ಜಯಮ್ಮನ ಜೊತೆ ಮಾತು ಬೆಳೆದು, ಬೆಟ್ಟದ ಬುಡದ ಇರುಳಿಗ ಬುಡಕಟ್ಟಿನವರ ಕಾಲೊನಿಗೆ ಅವಳ ಹಿಂದೆಯೇ ಹೋದೆ. ಅವಳೂ ಇರುಳಿಗರವಳೇ. ತನ್ನ ಜನರಲ್ಲಿ ನೊಂದವರನ್ನು ಮಾತಾಡಿಸಿ ಧೈರ್ಯ ತುಂಬುವುದು ಅವಳ ಕೆಲಸ. ಅದಕ್ಕಾಗಿ ತರಬೇತಿಯನ್ನೂ ಪಡೆದಿದ್ದಾಳೆ.

ಅಂದು ಹೋದದ್ದು ಕೆಂಪಿಯ ಮನೆಗೆ. ಜೇನು ಕೀಳಲು ಹೋದ ಗಂಡ ಬಂಡೆಯಿಂದ ಬಿದ್ದು ಸತ್ತ ಮೇಲೆ ಕೆಂಪಿ ಯಾರೊಂದಿಗೂ ಮಾತಾಡಿಲ್ಲವಂತೆ. ಜಯಮ್ಮ ಒಳಗೆ ಹೋಗಿ ಸಮಾಧಾನ ಹೇಳುತ್ತಾಳೆ ಎಂದುಕೊಂಡಿದ್ದೆ. ಅವಳು ತೆರೆದ ಬಾಗಿಲಿಗೆ ಬೆನ್ನು ಹಾಕಿ ಹೊರಗೆ ಕೂತು, ಮೊರದಲ್ಲಿದ್ದ ಅವರೆಕಾಯಿ ಸುಲಿಯತೊಡಗಿದಳು.

"ಮಕ ನೋಡ್ತಾ ಕೂತ್ರೆ ಅಳಾಕೂ ನಾಚ್ಕೆ ಆಯ್ತದೆ ಮೇಡಂ," ಎಂದು ನನಗೆ ಪಿಸುಗುಟ್ಟಿದಳು.

ಅವರೆಕಾಯಿ ಮುಗಿಯುತ್ತ ಬಂದಾಗ ಒಳಗಿನಿಂದ ಕೆಂಪಿಯ ದನಿ ಬಂತು. "ಅಕ್ಕಾ, ಅವತ್ತು ಹೋಗ್ಬ್ಯಾಡ ಅಂತ ನಾನು ಹೇಳ್ಬೇಕಿತ್ತು."

ಜಯಮ್ಮ ತಿರುಗಲಿಲ್ಲ. "ಹೇಳವ್ವ, ಕೇಳ್ತಾ ಇವ್ನಿ," ಎಂದಳು.

ಕೆಂಪಿ ಹೊಸಿಲವರೆಗೆ ಬಂದು, ಅವಳ ಭುಜಕ್ಕೆ ಹಣೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು.

ಸಂಜೆ ರಸ್ತೆಬದಿಯಲ್ಲಿ ಬಸ್ಸಿಗೆ ಕಾಯುವಾಗ ಜಯಮ್ಮನನ್ನು ಕೇಳಿದೆ, "ನಿಮ್ಮ ಕಷ್ಟ ಯಾರು ಕೇಳ್ತಾರೆ?"

ಅವಳು ನಕ್ಕಳು. "ನನ್ನ ಕಂಡ್ರೆ ಎಲ್ರಿಗೂ ಅವ್ರವ್ರ ಕಷ್ಟ ನೆಪ್ಪಾಯ್ತದೆ. ನಂಗೂ ಒಂದೈತೆ ಅಂತ ಯಾರ್ಗೂ ಹೊಳ್ಯಾಕಿಲ್ಲ."

ಅಷ್ಟರಲ್ಲಿ ಬಸ್ಸು ಬಂತು. ಅವಳೇ ಕೈ ಅಡ್ಡ ಹಿಡಿದು ನಿಲ್ಲಿಸಿ, "ಹತ್ಕಳಿ ಮೇಡಂ, ಇದು ಬುಟ್ರೆ ಒಸಿ ಕಷ್ಟ," ಎಂದಳು. ನಾನು ಹತ್ತಲಿಲ್ಲ. ಕಂಡಕ್ಟರ್ ಗೊಣಗಿ ಸೀಟಿ ಊದಿದ.

ಬಸ್ಸಿನ ಧೂಳು ಕೂರುವವರೆಗೂ ಜಯಮ್ಮ ಅದು ಹೋದ ದಾರಿಯನ್ನೇ ನೋಡಿದಳು. ಆಮೇಲೆ, "ನಂಗೊಬ್ಬಳು ಮಗಳಿದ್ಲು," ಎಂದಳು.