ಕೆಂಪಮ್ಮನ ಸೀಟು ಒದ್ದೆಯಾದದ್ದು

ಇವತ್ತು ಮೊಮ್ಮಗನ ಕಾರಿನೊಳಗೆ ಒದ್ದೆ ಸೀಟಿನ ಮುಗ್ಗಲು ವಾಸನೆ ಬಂದಾಗ ಕೆಂಪಮ್ಮ ನೆನಪಾದಳು.

ಪೆಟ್ರೋಲು ಸಿಗದ ಕಾಲದಲ್ಲಿ ಮಳವಳ್ಳಿಯಿಂದ ಮದ್ದೂರಿಗೆ ಇದ್ದಿಲು ಉರಿಸಿ ಓಡುತ್ತಿದ್ದ ಬಸ್ಸು ನಮ್ಮಪ್ಪನದು. ಒಂದು ಮಳೆಯ ದಿನ, ನಮ್ಮೂರ ಮುದುಕಿ ಕೆಂಪಮ್ಮ ಕೂತಿದ್ದ ಸೀಟು ಒದ್ದೆಯಾಗಿತ್ತು.

"ಉಚ್ಚೆ ಉಯ್ಕೊಂಡವ್ಳೆ ಕಣ್ರೋ! ಇಳಿ ಮುದ್ಕಿ!" ಎಂದು ಅಪ್ಪ ಅವಳ ರಟ್ಟೆ ಹಿಡಿದು ನಡುದಾರಿಯಲ್ಲೇ ಇಳಿಸಿದರು.

"ಮ್ಯಾಗ್ಲಿಂದ ನೀರ್ ಸೋರ್ತು ಕಣಪ್ಪೋ," ಎಂದು ಅವಳು ಕೈಮುಗಿದಳು. ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ.

ಮರುದಿನ ಅಪ್ಪ ನನ್ನನ್ನು ಒಳಗೆ ಕೂರಿಸಿ, ಬಸ್ಸಿನ ಮೇಲೆ ಕೊಡಗಟ್ಟಲೆ ನೀರು ಸುರಿಸಿದರು. ಚಾವಣಿಯ ತಗಡಿನ ಮೊಳೆತೂತಿನಿಂದ ನೀರು ಅದೇ ಸೀಟಿಗೆ ತೊಟ್ಟಿಕ್ಕಿತು.

"ಅಪ್ಪ, ಕೆಂಪಮ್ಮಂದು ತಪ್ಪಿಲ್ಲ," ಎಂದೆ.

ಅಪ್ಪ ತೂತಿಗೆ ಟಾರು ಮೆತ್ತುತ್ತಾ, "ಯಾರ್ಗಾರ ಯೋಳಿದ್ರೆ ಚರ್ಮ ಸುಲ್ದ್‌ಬುಡ್ತೀನಿ," ಎಂದರು.

ನಾನು ಹೇಳಲಿಲ್ಲ. ಕೆಂಪಮ್ಮ ಸಾಯುವವರೆಗೂ ಊರ ಮಕ್ಕಳ ಬಾಯಲ್ಲಿ 'ಉಚ್ಚೆ ಕೆಂಪಿ'ಯಾಗಿಯೇ ಉಳಿದಳು. ಆ ಹೆಸರು ಇಟ್ಟವಳು ನಾನೇ.