ಹಲಸಿನ ಬುಗುರಿ ಮತ್ತು ಕಮಲಮ್ಮನವರ ಅಡುಗೆಮನೆ

ನಿನ್ನೆ ಗ್ಯಾಸ್ ಸಿಲಿಂಡರ್ ತಂದವನು ಹೊಸಿಲು ದಾಟುವಾಗ, ಬಾಗಿಲು ಗಾಳಿಗೆ ಬಡಿಯದಿರಲಿ ಅಂತ ನಾವು ಇಟ್ಟಿದ್ದ ಮರದ ತುಂಡಿಗೆ ಕಾಲು ತಗುಲಿಸಿಕೊಂಡ. ಎತ್ತಿ ತಿರುಗಿಸಿ ನೋಡಿ, "ಏನ್ ಸಾ ಇದು, ಇಷ್ಟು ದಪ್ಪ ಬುಗುರಿ? ಯಾರ್ ಸಾ ಇದ್ನ ಆಡ್ಸೋರು?" ಅಂದ. ಹಳೇದು ಕಣಯ್ಯ, ಅಲ್ಲೇ ಇಡು ಅಂದೆ. ಅವನು ಹೋದ ಮೇಲೆ ಅದನ್ನು ಕೈಗೆ ತೆಗೆದುಕೊಂಡು, ಯಾರೂ ನೋಡುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡು ಮೂಸಿದೆ. ಹಲಸಿನ ಮರದ ವಾಸನೆ ಇನ್ನೂ ಚೂರು ಉಳಿದಿತ್ತು, ಅಥವಾ ಉಳಿದಿದೆ ಅಂತ ನನಗೆ ಅನ್ನಿಸಿತು. ಇಂಥಾ ವಿಷಯದಲ್ಲಿ ನನ್ನ ಮೂಗನ್ನು ನಂಬಬೇಡಿ, ಕಿವಿಯನ್ನಂತೂ ಮೊದಲೇ ನಂಬಬೇಡಿ. ಯಾಕೆ ಅಂತ ಹೇಳುತ್ತೇನೆ.

ಅದು ಬುಗುರಿಯಲ್ಲ. ಸ್ಪೀಕರಿನ ಒಂದು ಭಾಗ. ಅದರ ಜೊತೆಯದು ನಮ್ಮ ಅಟ್ಟದ ಮೇಲಿದೆ.

ತೊಂಬತ್ತರ ದಶಕದಲ್ಲಿ ನಾನು ಹಾಸನದಲ್ಲಿ ಗುಮಾಸ್ತನಾಗಿದ್ದೆ. ವಾರವೆಲ್ಲ ಫೈಲು, ಭಾನುವಾರ ಸಂಗೀತ. ಬೆಳಿಗ್ಗೆ ಮೊದಲ ಬಸ್ಸು ಹಿಡಿದು ಹೊಳೆನರಸೀಪುರಕ್ಕೆ, ಶೇಷಾದ್ರಿ ಮೇಷ್ಟ್ರ ಮನೆಗೆ ಹೋಗಿಬಿಡುತ್ತಿದ್ದೆ. ಮೇಷ್ಟ್ರು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದರು, ಮನೆಯಲ್ಲಿ ಸ್ಪೀಕರು ಕಟ್ಟುತ್ತಿದ್ದರು. ಬಾಗೂರಿನಿಂದ ಬೋರೇಗೌಡರು ಬರುತ್ತಿದ್ದರು, ಚೀಲದಲ್ಲಿ ನಾಲ್ಕು ಎಳನೀರು ಹಾಕಿಕೊಂಡು. ತೆಂಗಿನ ತೋಟದವರು. ಸಂಗೀತದ ವಿಚಾರ ತಮಗೆ ಏನೂ ಗೊತ್ತಿಲ್ಲ ಅಂತ ಹೇಳಿಕೊಂಡೇ ನಮ್ಮಿಬ್ಬರಿಗಿಂತ ಚೆನ್ನಾಗಿ ಕೇಳುತ್ತಿದ್ದರು.

ಆ ಮನೆಯ ಹಜಾರದಲ್ಲಿ ಒಂದು ಪದ್ಧತಿಯಿತ್ತು. ಎರಡು ಪೆಟ್ಟಿಗೆ ಸ್ಪೀಕರುಗಳ ಎದುರು, ಎರಡಕ್ಕೂ ಸಮದೂರದಲ್ಲಿ ಒಂದು ಬೆತ್ತದ ಕುರ್ಚಿ. ಅದಕ್ಕೆ ನಡುಕುರ್ಚಿ ಅಂತ ಹೆಸರು. ಅಲ್ಲಿ ಕೂತವನಿಗೆ ಮಾತ್ರ ಪಿಟೀಲು ಬಲಕ್ಕೆ, ಮೃದಂಗ ಎಡಕ್ಕೆ, ಹಾಡುವವರು ನಟ್ಟನಡುವೆ ಕೂತ ಹಾಗೆ ಕೇಳುತ್ತಿತ್ತು. ಒಂದು ಮೊಳ ಆಚೆ ಸರಿದರೆ ಕಚೇರಿ ಒಂದು ಪಕ್ಕಕ್ಕೆ ವಾಲುತ್ತಿತ್ತು. ಆದ್ದರಿಂದ ಹಾಡಿಗೊಬ್ಬರಂತೆ ಸರದಿ. ಬೋರೇಗೌಡರು ತಮ್ಮ ಸರದಿಯಲ್ಲಿ ಹಿತವಾಗಿ ನಿದ್ದೆ ಮಾಡಿಬಿಡುತ್ತಿದ್ದರು. ನಾನು ಒಳಗೊಳಗೇ ಉರಿದುಕೊಳ್ಳುತ್ತಿದ್ದೆ.

ಒಂದು ಭಾನುವಾರ ಮೇಷ್ಟ್ರ ಹೆಂಡತಿ ಕಮಲಮ್ಮನವರು ಉಪ್ಪಿಟ್ಟಿನ ತಟ್ಟೆ ತಂದಿಟ್ಟರು. ನಾನು ದೊಡ್ಡ ರಸಿಕನ ಹಾಗೆ, "ಏನಮ್ಮ, ಇವತ್ತಿನ ಕಚೇರಿ ಹೇಗಿತ್ತು?" ಅಂದೆ.

"ನಂಗೇನು ಗೊತ್ತಪ್ಪ," ಅಂದರು ಅವರು. "ಒಳಗಡೆ ನಂಗೆ ಕೇಳ್ಸೋದು ಮೃದಂಗದ ಎಡಗೈ ಒಂದೇ. ದುಂ ದುಂ ಅಂತ. ಹಾಡೋರು ಹೆಂಗಸೋ ಗಂಡಸೋ ಅಂತಾನೂ ತಿಳಿಯಲ್ಲ."

ಅವರು ದೂರು ಹೇಳಿದ್ದಲ್ಲ, ಕೇಳಿದ್ದಕ್ಕೆ ಉತ್ತರ ಹೇಳಿದರು ಅಷ್ಟೆ. ಆದರೆ ಮೇಷ್ಟ್ರು ಉಪ್ಪಿಟ್ಟು ಬಾಯಿಗಿಡದೆ ಕೂತುಬಿಟ್ಟರು. ಕಮಲಮ್ಮನವರು ಮದುವೆಗೆ ಮುಂಚೆ ಚನ್ನರಾಯಪಟ್ಟಣದಲ್ಲಿ ವರ್ಣದವರೆಗೆ ಪಾಠ ಮಾಡಿಕೊಂಡಿದ್ದವರು. ಆ ಮನೆಯಲ್ಲಿ ಸಂಗೀತ ಕಲಿತಿದ್ದವರು ಅವರೊಬ್ಬರೇ. ಅವರೊಬ್ಬರಿಗೇ ಅದು ಕೇಳುತ್ತಿರಲಿಲ್ಲ.

ವಿಜ್ಞಾನ ಇಷ್ಟೇ, ಮೇಷ್ಟ್ರು ಆಮೇಲೆ ಬೋರೇಗೌಡರಿಗೆ ಬಿಡಿಸಿ ಹೇಳಿದರು: ದಪ್ಪ ಸ್ವರ ಸುತ್ತ ಹರಡುತ್ತದೆ, ಗೋಡೆ ಮೂಲೆ ಅನ್ನದೆ ನುಗ್ಗುತ್ತದೆ. ಸಣ್ಣ ಸ್ವರ ಟಾರ್ಚಿನ ಬೆಳಕಿನ ಹಾಗೆ ಎದುರಿಗೆ ಮಾತ್ರ. ಸ್ಪೀಕರಿನ ಕಾಗದದ ಮುಖ ನಮ್ಮ ಕಡೆಗಿದ್ದರೆ ಅಡುಗೆಮನೆಗೆ ಅದರ ಬೆನ್ನು. ಹಾಗಾದರೆ ಮುಖವನ್ನು ಯಾರ ಕಡೆಗೂ ಇಡಬಾರದು, ಆಕಾಶಕ್ಕೆ ಇಡಬೇಕು. ಮೇಲೆ ಒಂದು ಚೂಪಾದ ವಸ್ತುವನ್ನು ತಲೆಕೆಳಗಾಗಿ ನಿಲ್ಲಿಸಿದರೆ ಮೇಲೆದ್ದ ನಾದ ಅದಕ್ಕೆ ತಾಗಿ ನಾಲ್ಕೂ ದಿಕ್ಕಿಗೆ ಸಮನಾಗಿ ಹೋಗುತ್ತದೆ.

ಮೊದಲು ಎಣ್ಣೆ ಸುರಿಯುವ ಹಿತ್ತಾಳೆ ಲಾಳಿಕೆ ಇಟ್ಟು ನೋಡಿದರು. ಎಲ್ಲ ಗಾಯಕರೂ ಕೊಡದೊಳಗೆ ತಲೆಯಿಟ್ಟು ಹಾಡಿದಂತಾಯಿತು. ಲೋಹ ತಾನೂ ಹಾಡುತ್ತದೆ, ಗಟ್ಟಿ ಮರ ಬೇಕು ಅಂತ ತೀರ್ಮಾನವಾಗಿ ಮೇಷ್ಟ್ರೂ ನಾನೂ ಕೊಣನೂರಿಗೆ ಹೋದೆವು. ಅಲ್ಲಿ ಪುಟ್ಟಾಚಾರಿ ಅಂತ, ತೊಟ್ಟಿಲಿನ ಕಾಲು, ಮಂಚದ ಕಾಲು ಕಡೆಯುವವನು. ಮೇಷ್ಟ್ರು ಬರೆದುಕೊಂಡು ಹೋಗಿದ್ದ ನಕ್ಷೆಯನ್ನು ಆ ಕಡೆ ಈ ಕಡೆ ತಿರುಗಿಸಿ, "ಬುಗುರಿ ತಾನೇ ಸಾ? ಅದ್ಕ್ಯಾಕೆ ಇಷ್ಟೊಂದು ಗೆರೆ ಎಳ್ಕಂಡ್ ಬಂದಿದೀರಿ? ಮೊಳೆ ಒಡೀಬೇಕೋ ಬ್ಯಾಡ್ವೋ ಅಷ್ಟ್ ಯೋಳಿ," ಅಂದ. ಮೊಳೆ ಬೇಡ ಅಂದೆವು. ಅವನಿಗೆ ನಮ್ಮ ಮೇಲೆ ಅನುಮಾನ ಬಂದದ್ದು ಮುಖದಲ್ಲೇ ಕಾಣುತ್ತಿತ್ತು.

ಎರಡು ಸಿಮೆಂಟಿನ ಕೊಳವೆ, ಅದರ ಬಾಯಲ್ಲಿ ಆಕಾಶ ನೋಡುವ ಒಂದೊಂದು ಡ್ರೈವರು, ಅಂದರೆ ಆ ಕಾಗದದ ಮುಖ, ಅದರ ಮೇಲೆ ಮೂರು ಕಂಬಿಗಳಲ್ಲಿ ನಿಂತ ಹಲಸಿನ ಬುಗುರಿ. ಗೋಡೆಗೆ ಹತ್ತಿರ ಇಡಬಾರದು ಅಂತ ಹಜಾರದ ನಡುಮಧ್ಯಕ್ಕೇ ತಂದು ನಿಲ್ಲಿಸಿದರು. ಬಂದವರೆಲ್ಲ ಎಡವಿದರು. ನಾನು ತಕರಾರು ತೆಗೆದೆ. ಮಂದ್ರಕ್ಕೊಂದು, ತಾರಕ್ಕೊಂದು ಬೇರೆ ಬೇರೆ ಡ್ರೈವರು ಇರಬೇಕು, ಒಂದೇ ಎಲ್ಲ ಮಾಡಲಾರದು ಅಂತ ವಾದಿಸಿದೆ. "ಮನುಷ್ಯನಿಗೆ ಎಷ್ಟು ಬಾಯಿ ಇವೆ ರೀ?" ಅಂದರು ಮೇಷ್ಟ್ರು. ಪಿಟೀಲು ಎಲ್ಲಿ ಕೂತಿದೆ ಅಂತಲೇ ಗೊತ್ತಾಗುವುದಿಲ್ಲವಲ್ಲ ಅಂದೆ. ಅದಕ್ಕೆ ಬೋರೇಗೌಡರು, "ಮದುವೆ ಮನೇಲಿ ವಾಲಗ ಎಲ್ಲಿ ಕುಂತವ್ರೆ ಅಂತ ನೋಡ್ಕಂಡ್ ಕೇಳ್ತೀರಾ ಸಾ? ಎಲೆ ಮುಂದೆ ಕುಂತಿದ್ರೂ ಕೇಳ್ತದೆ, ಕೈ ತೊಳಿಯೋಕ್ ಓದ್ರೂ ಕೇಳ್ತದೆ. ಅಂಗಿದ್ರೇ ಚಂದ ಕಣ್ ಸಾ," ಅಂದರು.

ಆ ಮೊದಲ ದಿನ ನಾವು ಮೂವರೂ ಒಂದು ಆಲಾಪನೆ ಕೇಳುತ್ತ ಇದು ಭೈರವಿ ಅಂತ ಒಮ್ಮತಕ್ಕೆ ಬಂದಿದ್ದೆವು. ಅಡುಗೆಮನೆಯಿಂದ ಧ್ವನಿ ಬಂತು: "ಭೈರವಿ ಅಲ್ಲ ರೀ. ಮುಖಾರಿ."

ಮೇಷ್ಟ್ರ ಮುಖದಲ್ಲಿ ಅವತ್ತು ಕಂಡ ಸಂತೋಷವನ್ನು ನಾನು ಮತ್ತೆ ಯಾರ ಮುಖದಲ್ಲೂ ನೋಡಿಲ್ಲ. ಅಲ್ಲಿಂದ ಮೂರು ನಾಲ್ಕು ತಿಂಗಳು ಪ್ರತಿ ಭಾನುವಾರ ಹಾಗೇ. ನಾವು ರಾಗ ಹೇಳುವುದು, ಒಳಗಿಂದ ಒಗ್ಗರಣೆಯ ಚಟಪಟದ ಜೊತೆಗೇ "ಅಲ್ಲ ರೀ" ಬರುವುದು. ನಾನು ಬೇಕಂತಲೇ ತಪ್ಪು ಹೇಳಿದ್ದೂ ಉಂಟು. ಬೇಕಂತ ಅಲ್ಲದೆ ಹೇಳಿದ್ದು ಅದಕ್ಕಿಂತ ಜಾಸ್ತಿ.

ಇಷ್ಟು ಚೆನ್ನಾಗಿದ್ದದ್ದನ್ನು ಕೆಡಿಸಿದವನು ನಾನು. ಯಾವುದೋ ಇಂಗ್ಲಿಷ್ ಪತ್ರಿಕೆಯಲ್ಲಿ, ಹಿಂದಿನ ಗೋಡೆಗೆ ಬಡಿದು ವಾಪಸು ಬರುವ ನಾದ ಮುಂದಿನ ನಾದವನ್ನು ಕಲಸಿಬಿಡುತ್ತದೆ ಅಂತ ಓದಿದೆ. ಓದಿದವನು ಸುಮ್ಮನಿರಬೇಕಲ್ಲ. ಮುಂದಿನ ವಾರ ಹೋಗುವಾಗ ಒಂದು ಕರಿ ಕಂಬಳಿ ಹಿಡಿದುಕೊಂಡು ಹೋದೆ. ಅದನ್ನು ಎರಡು ತುಂಡು ಮಾಡಿ ಎರಡೂ ಬುಗುರಿಗಳ ಹಿಂದಿನ ಅರ್ಧಕ್ಕೆ ಸುತ್ತಿದೆ. ಮೇಷ್ಟ್ರು ಒಂದು ಸಲ ಒಳಗಡೆ ನೋಡಿದರು, ಏನೋ ಹೇಳಲು ಹೊರಟರು. "ಒಂದು ವಾರ ನೋಡೋಣ ಮೇಷ್ಟ್ರೇ," ಅಂದೆ. ಮನೆಗೆ ಬಂದವನ ಮಾತು ತೆಗೆದುಹಾಕುವ ಸ್ವಭಾವ ಅವರದಲ್ಲ. ಹಾಡು ಹಾಕಿದರು. ಪಿಟೀಲು ಬಲಕ್ಕೆ ಬಂದು ಕೂತಿತು. ನನಗೆ ರೋಮಾಂಚನವಾಯಿತು. ನಡುಕುರ್ಚಿ ಮತ್ತೆ ನಡುವಿಗೆ ಬಂತು.

ಹಿಂದಿನ ಅರ್ಧ ಅಂದರೆ ಅಡುಗೆಮನೆಯ ಕಡೆ. ಇದು ನನಗೆ ಹೊಳೆಯಲಿಲ್ಲ ಅಂದರೆ ನೀವು ನಂಬಬೇಕು. ಒಂದು ವಾರ ಅಂದದ್ದು ವರ್ಷಗಟ್ಟಲೆ ಆಯಿತು. ಉಪ್ಪಿಟ್ಟು ಬರುತ್ತಿತ್ತು, ಕಾಫಿ ಬರುತ್ತಿತ್ತು, "ಅಲ್ಲ ರೀ" ಬರುತ್ತಿರಲಿಲ್ಲ. ವಯಸ್ಸಾಯಿತು, ಅಮ್ಮನಿಗೆ ಆಸಕ್ತಿ ಕಡಿಮೆಯಾಗಿರಬೇಕು ಅಂತ ನಾನೇ ಅಂದುಕೊಂಡೆ. ಕೇಳಲಿಲ್ಲ.

ಎರಡು ಸಾವಿರನೇ ಇಸವಿಯ ಈಚೆಗೆ ಕಮಲಮ್ಮನವರು ಕಾಯಿಲೆ ಬಿದ್ದು ತೀರಿಕೊಂಡರು. ಕರ್ಮಗಳೆಲ್ಲ ಮುಗಿದ ಮೇಲೆ ಹೋಗಿದ್ದೆ. ಮೇಷ್ಟ್ರು ತಾವೇ ಕಾಫಿ ಮಾಡಿ ತಂದರು, ಸಕ್ಕರೆ ಹಾಕಿರಲಿಲ್ಲ. ತಮ್ಮ ಲೋಟ ಕೆಳಗಿಟ್ಟು ಹೇಳಿದರು:

"ಆಸ್ಪತ್ರೇಲಿ ಒಂದು ದಿನ ಕೇಳ್ದೆ, ಯಾಕೆ ಕಮಲಾ ರಾಗ ಹೇಳೋದು ಬಿಟ್ಬಿಟ್ಟೆ ಅಂತ. 'ಕಂಬಳಿ ಹೊದಿಸಿದ್ಮೇಲೆ ಮತ್ತೆ ಬರೀ ಎಡಗೈನೇ ಕೇಳ್ತಿತ್ತು. ನೀವಿಬ್ರೂ ಅಷ್ಟು ಖುಷಿಯಾಗಿದ್ರಿ, ಇರ್ಲಿ ಅಂತ ಸುಮ್ಮನಾದೆ' ಅಂದ್ಲು. ನಿಮ್ಗೆ ಹೇಳ್ಬಾರದು ಅಂತಿದ್ದೆ. ಬೇಜಾರು ಮಾಡ್ಕೋಬೇಡಿ. ನಾನಾದ್ರೂ ಎದ್ದು ಹೋಗಿ ಒಳಗೆ ನಿಂತು ಕೇಳ್ಬಹುದಿತ್ತು, ಕೇಳ್ಲಿಲ್ಲ."

ಸ್ವಲ್ಪ ದಿನಕ್ಕೆ ಬೋರೇಗೌಡರ ಜೀಪಿನಲ್ಲಿ ಎರಡೂ ಸ್ಪೀಕರುಗಳನ್ನು ನನಗೇ ಕಳಿಸಿಕೊಟ್ಟರು. ಅದೇ ಕಂಬಳಿಯಲ್ಲಿ ಸುತ್ತಿದ್ದವು. ಮತ್ತೆ ಜೋಡಿಸಿ ಹಾಡಿಸುವ ಧೈರ್ಯ ನನಗಾಗಲಿಲ್ಲ. ಕೊಳವೆಗಳು ಮೆಟ್ಟಿಲ ಕೆಳಗೆ ಸೇರಿದವು, ಒಂದು ಬುಗುರಿ ಅಟ್ಟಕ್ಕೆ, ಒಂದು ಬಾಗಿಲಿಗೆ. ನಾನು ಅಂಗಡಿಯಿಂದ ತಂದ ಪೆಟ್ಟಿಗೆ ಸ್ಪೀಕರುಗಳ ಎದುರು ನನ್ನ ಕುರ್ಚಿ ಹಾಕಿಕೊಂಡು ಇಷ್ಟು ವರ್ಷ ಕೇಳಿದೆ.

ಇವತ್ತು ಬೆಳಿಗ್ಗೆ ಎದ್ದವನೇ ಅಟ್ಟ ಹತ್ತಿದೆ. ನನ್ನ ಹೆಂಡತಿ ಸುಮಿತ್ರಾ ಕೆಳಗಿನಿಂದ, ಈ ವಯಸ್ಸಲ್ಲಿ ಬಿದ್ದು ಸೊಂಟ ಮುರ್ಕೊಳ್ಳಿ ಅಂತ ಹರಸಿ ಒಳಗೆ ಹೋದಳು. ಕೊಳವೆಗಳನ್ನು ಹಜಾರದ ನಡುವಿಗೆ ಎಳೆದು ತಂದೆ, ವೈರು ಸಿಕ್ಕಿಸಿದೆ, ಬುಗುರಿ ಕೂರಿಸಿದೆ. ಕಂಬಳಿಯನ್ನು ಹೊರಗೆ ಬಿಸಿಲಿಗೆ ಹಾಕಿದೆ. ಸ್ಪೀಕರುಗಳ ಜೊತೆಗೇ ಮೇಷ್ಟ್ರು ಕಳಿಸಿದ್ದ ಕ್ಯಾಸೆಟ್ಟುಗಳಲ್ಲಿ ಒಂದನ್ನು ಹಾಕಿದೆ. ಮೇಲಿನ ಚೀಟಿ ಅಳಿಸಿಹೋಗಿತ್ತು. ಟೇಪು ಮೊದಲು ಮುಲುಗಿತು, ಆಮೇಲೆ ಹಾಡಿತು. ಪಿಟೀಲು ಎಲ್ಲಿ ಕೂತಿತ್ತೋ ನಾನು ನೋಡಲಿಲ್ಲ.

ಸುಮಿತ್ರಾ ಚಪಾತಿ ಹಿಟ್ಟಿನ ಕೈಯಲ್ಲೇ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

"ಆಕೆ ಹಾಡೋಕೆ ಮುಂಚೆ ಉಸಿರು ಎಳ್ಕೋತಾರಲ್ಲ, ಅದೂ ಕೇಳ್ಸತ್ತೆ," ಅಂದಳು.

"ಇಷ್ಟು ವರ್ಷ ನೀನು ಒಂದು ದಿನವೂ ನನ್ನ ಸಂಗೀತದ ಬಗ್ಗೆ ಏನೂ ಅಂದಿರಲಿಲ್ಲ."

"ಏನು ಕೇಳ್ಸಿತ್ತು ಅಂತ ಹೇಳ್ಲಿ?"

ಅವಳು ಒಳಗೆ ಹೋಗಿ ಚಪಾತಿ ಲಟ್ಟಿಸುತ್ತ ಅಲ್ಲಿಂದಲೇ, "ಇದು ಯಾವ ರಾಗ ರೀ?" ಅಂದಳು.

"ಭೈರವಿ ಇರಬೇಕು," ಅಂದೆ. ಹೇಳಿ ಒಂದು ಗಳಿಗೆ ಕಾದೆ. ಯಾರೂ "ಅಲ್ಲ ರೀ" ಅನ್ನಲಿಲ್ಲ.