ಎದುರುಮನೆಗಿಂತ ಗಟ್ಟಿ ಬೀಮು

ಕಂಬಿ ಹೆಚ್ಚು ಹಾಕಿದಷ್ಟೂ ಮನೆ ಗಟ್ಟಿ ಎಂದು ಹೊನ್ನೂರಿನಲ್ಲಿ ಎಲ್ಲರೂ ನಂಬಿದ್ದರು. ಮಾದಪ್ಪನವರಿಗೆ ಅದರ ಜೊತೆಗೆ ಇನ್ನೊಂದು ಹಟ: ಎದುರುಮನೆಯ ದಾಯಾದಿಯದಕ್ಕಿಂತ ತಮ್ಮ ಮನೆ ಗಟ್ಟಿಯಾಗಿರಬೇಕು. ಎರಡೂ ಮನೆಗಳ ಕಂಬಿಯ ಪ್ಲಾನು ಎಂಜಿನಿಯರ್ ಆದ ನನ್ನದೇ.

ಕಾಂಕ್ರೀಟ್ ಸುರಿಯುವ ಬೆಳಿಗ್ಗೆ ಹೋಗಿ ನೋಡಿದರೆ, ಮುಂಬಾಗಿಲ ಮೇಲಿನ ಬೀಮಿನಲ್ಲಿ ನಾನು ಹೇಳಿದ್ದರ ಎರಡರಷ್ಟು ಕಂಬಿ ಬುಟ್ಟಿ ಹೆಣೆದಂತೆ ತುಂಬಿತ್ತು.

“ಅರ್ಧ ತೆಗೆಸಿ ಮಾದಪ್ಪನವರೇ,” ಎಂದೆ.

“ನಿಮ್ ಲೆಕ್ಕದಂಗೆ ಎದುರ್ಮನೆಯವ್ನು ಹಾಕವ್ನೆ ಸಾ. ನಾನು ಅವ್ನಿಗಿಂತ ಕಮ್ಮಿನಾ?”

“ಕಂಬಿಗಳ ನಡುವೆ ಸಂದೇ ಇಲ್ಲವಲ್ಲ. ಕಾಂಕ್ರೀಟಿನ ಜಲ್ಲಿ ಕೆಳಗಿಳಿಯಲು ದಾರಿ ಬೇಕು.”

“ಜಲ್ಲಿ ಏನ್ ಎಮ್ಮೆನಾ ಸಾ, ದಾರಿ ಬಿಡಕ್ಕೆ?”

ಕೂಲಿಯವರೆಲ್ಲ ನಕ್ಕರು. ಮೇಸ್ತ್ರಿ ಇನ್ನೂ ಜೋರಾಗಿ ನಕ್ಕ. “ಕಂಬಿ ಎಣ್ಸೋರು ಜೈಲಲ್ ಮಾತ್ರ ಇರ್ತಾರೆ ಅಂದ್ಕಂಡಿದ್ದೆ ಸಾ!”

“ಬೀಮೂ ನಿಮ್ಮದು, ಅದರಡಿ ಓಡಾಡುವ ತಲೆಯೂ ನಿಮ್ಮದು,” ಎಂದು ಯಳಂದೂರಿನ ಬಸ್ಸು ಹತ್ತಿದೆ.

ಬೀಮಿಗೆ ಆನಿಸಿದ್ದ ಸೆಂಟ್ರಿಂಗ್ ಹಲಗೆ ಬಿಚ್ಚುವ ದಿನ ಮಾದಪ್ಪನವರು ನನ್ನನ್ನು ಕರೆಸಿದರು. ಹೊಟ್ಟೆ ಉರಿಸಲೆಂದು ದಾಯಾದಿಯನ್ನೂ ಕರೆಸಿದ್ದರು. ಹಲಗೆ ಕಳಚಿತು, ಎಲ್ಲರೂ ತಲೆಯೆತ್ತಿದೆವು. ಬೀಮಿನ ತಳಭಾಗದಲ್ಲಿ ಕಂಬಿ ಮಾತ್ರ ಇತ್ತು, ಕಾಂಕ್ರೀಟ್ ಇರಲಿಲ್ಲ.